ಉಪ್ಪಿನಬೆಟಗೇರಿಯಿಂದ ಜುಬಿಲಿ ಸರ್ಕಲ್ಲಿಗೆ

ಕನ್ನಡ ನಾಡಿನಲ್ಲಿ ಬೆಟಗೇರಿಗಳು ಒಂದಕ್ಕಿಂತ ಹೆಚ್ಚು. ಗದಗಿನೊಡನೆ ಜೋಡಿಯಾಗಿ ಬೆಳೆದ ಬೆಟಗೇರಿ ಒಂದು. ‘ಆನಂದಕಂದ’ರೆಂದು ಹೆಸರಾದ ಬೆಟಗೇರಿ ಕೃಷ್ಣಶರ್ಮರ ಹುಟ್ಟೂರು, ಗೋಕಾಕ ತಾಲೂಕಿನದು, ಇನ್ನೊಂದು. ನಾವೀಗ ಹೊರಟಿರುವುದು ಮೂರನೆಯದಕ್ಕೆ, ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಗೆ. ಈ ಊರಿನಲ್ಲಿ ನೋಡಬೇಕಾದ ಶಿಲ್ಪವೇನು, ಶಾಸನವೇನು ಎಂದು ವಾಚಕರು ಕೇಳಬಹುದು. ಅವುಗಳ ಮಾತು ಇನ್ನೊಮ್ಮೆ ಆದೀತು. ಇಂದು ನಾವು ನೋಡಬೇಕಾದುದು ಅಲ್ಲಿಯ ರಸ್ತೆಯನ್ನು, ಮತ್ತು ಆ ರಸ್ತೆಯನ್ನು ದಾಟುವ ಮನುಷ್ಯನನ್ನು.

ಧಾರವಾಡದ ಪಶ್ಚಿಮಕ್ಕೆ ಮಲೆನಾಡಿನ ಸೆರಗು ಹಾಸಿದೆ. ಬಸ್ಸು ಉತ್ತರಕ್ಕೆ ಹೊರಳಿತೆಂದರೆ ನೆಲದ ಬಣ್ಣವೇ ಬದಲಾಗುತ್ತದೆ. ಕಣ್ಣು ಹರಿಯುವಷ್ಟು ದೂರ ಎರೆಯ ಹೊಲಗಳು. ಮುಂಗಾರಿಗೆ ಹೆಸರು, ಹತ್ತಿ, ಸೋಯಾ. ಹಿಂಗಾರಿಗೆ ಬಿಳಿಜೋಳ, ಕಡಲೆ, ಗೋದಿ. ಬೇಸಗೆಯಲ್ಲಿ ಬಾಯಿ ಬಿಡುವ ಈ ಮಣ್ಣು ನಾಲ್ಕು ಹನಿ ಬಿದ್ದರೆ ಕಾಲು ಹಿಡಿದು ಬಿಡದು. ಒಂದು ಹೆಜ್ಜೆಗೆ ಒಂದು ಸೇರು ಮಣ್ಣು ಕೆರಕ್ಕೆ ಮೆತ್ತಿಕೊಳ್ಳುತ್ತದೆ. ಪಟ್ಟಣದ ವಾಹನ ಚಾಲಕರು, ‘ಈ ಹಳ್ಳಿಯ ಜನ ರಸ್ತೆಯ ಬದಿಗೆ ನಡೆಯಬಾರದೆ? ಡಾಂಬರಿನ ಮೇಲೆಯೇ ಏಕೆ ನಡೆಯುತ್ತಾರೆ?’ ಎಂದು ಸಿಡಿಮಿಡಿಗೊಳ್ಳುವುದುಂಟು. ಉತ್ತರ ಅವರ ಚಕ್ರದ ಪಕ್ಕದಲ್ಲಿಯೇ ಇದೆ. ರಸ್ತೆಗೆ ಬದಿಯೆಂಬುದು ಇದ್ದರೆ ತಾನೆ ಬದಿಗೆ ನಡೆಯುವುದು? ಡಾಂಬರು ಮುಗಿದಲ್ಲಿ ಕೆಸರು, ಕೆಸರು ಮುಗಿದಲ್ಲಿ ಜಾಲಿಗಿಡ. ನಡೆಯುವವನಿಗೆ ಗಟ್ಟಿ ನೆಲವೆಂದು ಉಳಿದಿರುವುದು ವಾಹನಗಳು ಓಡುವ ನೆಲವೊಂದೇ.

ಊರಿನೊಳಗಿನ ಸ್ಥಿತಿ ಇನ್ನೊಂದು ಬಗೆಯದು. ವಿರಕ್ತಮಠಕ್ಕೆ ಹೆಸರಾದ ಈ ಊರು ಸುತ್ತಣ ಹಳ್ಳಿಗಳಿಗೆ ದೊಡ್ಡದು. ಇಂಥ ಊರುಗಳಲ್ಲಿ ರಸ್ತೆಯೆಂಬುದು ಮೊದಲು ಮನೆಯ ಅಂಗಳದ ಮುಂದುವರಿದ ಭಾಗ. ಸಾಗುವ ದಾರಿಯಾದುದು ಆಮೇಲೆ. ಒಂದು ಬದಿಗೆ ಶಾಲೆ, ಇನ್ನೊಂದು ಬದಿಗೆ ಮನೆ. ಒಂದು ಬದಿಗೆ ದನದ ಕೊಟ್ಟಿಗೆ, ಇನ್ನೊಂದು ಬದಿಗೆ ನೀರು. ದಿನಕ್ಕೆ ಎಷ್ಟು ಸಲ ರಸ್ತೆ ದಾಟುತ್ತೇವೆಂದು ಅಲ್ಲಿಯ ಹೆಣ್ಣುಮಕ್ಕಳನ್ನು ಕೇಳಿದರೆ ಲೆಕ್ಕ ಹೇಳಲಾರರು. ಅದೇ ರಸ್ತೆಯಲ್ಲಿ ಮೋಟಾರ್ ಸೈಕಲ್ಲು, ಜನರನ್ನು ತುಂಬಿದ ಟಂಟಂ, ಬಸ್ಸು, ಸುಗ್ಗಿಯಲ್ಲಿ ಹಿಂದೀಪವಿಲ್ಲದ ಟ್ರೇಲರುಗಳನ್ನೆಳೆಯುವ ಟ್ರ್ಯಾಕ್ಟರು, ಎಲ್ಲವೂ ಹಾಯ್ದುಹೋಗಬೇಕು.

ಬಸ್ಸಿಗೆ ಕಾಯುತ್ತ ಕುಳಿತ ಹಿರಿಯರೊಬ್ಬರನ್ನು, ‘ಯಜ್ಜಾ, ಇಲ್ಲಿ ಗಾಡಿ ನಿಲ್ಲಿಸಿ ದಾರಿ ಬಿಡತಾರೇನ್ರಿ?’ ಎಂದು ಕೇಳಿದೆ. ರುಮಾಲನ್ನು ಸರಿಪಡಿಸಿಕೊಂಡು ಅವರು ನಕ್ಕರು. ‘ಗಾಡಿ ಎಲ್ಲಿ ನಿಲ್ತಾವ ತಮ್ಮಾ? ನಾವ ನಿಲ್ಲಬೇಕು. ಎತ್ತಿಗಾದರ ಮನಶ್ಯಾರು ಕಂಡರ ತಾನ ನಿಲ್ಲೂದು ಗೊತ್ತಿತ್ತು.’

ಅವರ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿದೆ. ಎತ್ತು ನಡೆಯುವುದು ಮನುಷ್ಯನ ವೇಗದಲ್ಲಿ. ಆದುದರಿಂದ ಇಬ್ಬರಿಗೂ ಒಬ್ಬರನ್ನೊಬ್ಬರು ನೋಡಿಕೊಳ್ಳಲು ಸಮಯವಿತ್ತು. ಎರಡು ಸಾಲಿನ ರಸ್ತೆ ಸಾಮಾನ್ಯವಾಗಿ 7 ಮೀಟರ್ ಅಗಲ. ಗಟ್ಟಿ ಕಾಲಿನವನು ಅದನ್ನು ದಾಟಲು 6 ಸೆಕೆಂಡು ಬೇಕು. ಮೊಣಕಾಲು ನೋವಿನ ಮುದುಕಿಗೆ 8 ಸೆಕೆಂಡು. ಗಂಟೆಗೆ 60 ಕಿಲೋಮೀಟರ್ ವೇಗದ ವಾಹನ 6 ಸೆಕೆಂಡಿನಲ್ಲಿ 100 ಮೀಟರ್ ಬರುತ್ತದೆ. 8 ಸೆಕೆಂಡಿನಲ್ಲಿ 130 ಮೀಟರಿಗೂ ಹೆಚ್ಚು. ಮುದುಕಿ ಕಾಲಿಟ್ಟಾಗ ತಿರುವಿನಾಚೆ ಕಾಣದೆ ಇದ್ದ ಕಾರು, ಆಕೆ ಮೂರನೆಯ ಪಾಲು ಉಳಿದಿರುವಾಗಲೇ ಎದುರಿಗೆ ನಿಂತಿರುತ್ತದೆ. ಚಾಲಕನು ಕಂಡೊಡನೆ ಬ್ರೇಕು ಒತ್ತಿದನೆಂದೇ ಇಟ್ಟುಕೊಳ್ಳೋಣ. ನೋಡಿ, ಅರಿತು, ಕಾಲೊತ್ತುವುದಕ್ಕೆ ಒಂದು ಸೆಕೆಂಡು. ಅಷ್ಟರಲ್ಲಿ ಕಾರು 16 ಮೀಟರ್ ದಾಟಿತು. ಒಣ ರಸ್ತೆಯಲ್ಲಿ ನಿಲ್ಲುವುದಕ್ಕೆ ಮತ್ತೆ ಸುಮಾರು 20 ಮೀಟರ್. ವೇಗವು 30 ಆಗಿದ್ದರೆ ಈ ಎರಡೂ ಸೇರಿ 14 ಮೀಟರಿನೊಳಗೆ ಮುಗಿಯುತ್ತಿತ್ತು. ವೇಗ ಇಮ್ಮಡಿಯಾದರೆ ಬ್ರೇಕಿನ ದೂರ ನಾಲ್ಮಡಿಯಾಗುತ್ತದೆ. ಇದು ನಿಸರ್ಗದ ನಿಯಮ. ಚಾಲಕನ ಜಾಣ್ಮೆಗೆ ಇದರಲ್ಲಿ ರಿಯಾಯಿತಿ ಇಲ್ಲ.

ಹಳ್ಳಿಗರು ಇದಕ್ಕೆ ತಮ್ಮದೇ ಮದ್ದು ಕಂಡುಕೊಂಡಿದ್ದಾರೆ. ಒಂದು ಅಪಘಾತವಾದ ಮರುದಿನ ರಸ್ತೆಗೆ ಅಡ್ಡಲಾಗಿ ಕಲ್ಲು ಮಣ್ಣು ಹಾಕಿ ಒಂದು ದಿಬ್ಬ ಎಬ್ಬಿಸುತ್ತಾರೆ. ಅವರ ಸಂಕಟ ನ್ಯಾಯವಾದುದು. ಆದರೆ ಮದ್ದು ಅಳತೆ ತಪ್ಪಿದುದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾದರಿಯಂತೆ, ವಾಹನಗಳನ್ನು 25 ಕಿಲೋಮೀಟರ್ ವೇಗಕ್ಕೆ ಇಳಿಸಬೇಕಾದ ಉಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. ಕಮಾನಿನಂತೆ ಮೆಲ್ಲನೆ ಏರಿ ಮೆಲ್ಲನೆ ಇಳಿಯಬೇಕು. ಮುಂದೆ ಇದೆಯೆಂದು ಫಲಕ ಸಾರಬೇಕು. ಮೈಮೇಲೆ ಬಿಳಿ ಬಣ್ಣವಿರಬೇಕು. ಬಣ್ಣವಿಲ್ಲದ ಗಿಡ್ಡ ದಿಬ್ಬವು ರಾತ್ರಿಯಲ್ಲಿ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತ ಹೆಣ್ಣುಮಗಳನ್ನು ಕೆಡವುತ್ತದೆ. ಒಂದು ಜೀವವನ್ನು ಉಳಿಸಹೋಗಿ ಇನ್ನೊಂದನ್ನು ಅಪಾಯಕ್ಕೆ ಒಡ್ಡಿದಂತಾಗುತ್ತದೆ.

ಇನ್ನು ಬಸ್ಸೇರಿ ಪಟ್ಟಣಕ್ಕೆ ಬರೋಣ. 2023ರ ಜೂನ್ 11ರಂದು ‘ಶಕ್ತಿ’ ಯೋಜನೆಯಡಿ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಪ್ರಯಾಣ ಉಚಿತವಾದಂದಿನಿಂದ ಹಳ್ಳಿಯ ಬಸ್ಸುಗಳಲ್ಲಿ ಸೀರೆಯ ಸೆರಗುಗಳೇ ಹೆಚ್ಚು. ಆಸ್ಪತ್ರೆಗೆ, ಕಚೇರಿಗೆ, ಸಂತೆಗೆ, ಮಗಳ ಕಾಲೇಜಿಗೆ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಬಸ್ಸಿನಿಂದ ಇಳಿದವರು ಅದರ ಮುಂದುಗಡೆಯಿಂದಲೇ ರಸ್ತೆ ದಾಟುವುದು ವಾಡಿಕೆ. ನಿಂತ ಬಸ್ಸು ಒಂದು ಗೋಡೆ. ಅದನ್ನು ಹಿಂದೆ ಹಾಕಿ ಬರುವ ವಾಹನಕ್ಕೆ ಇವರು ಕಾಣರು, ಇವರಿಗೆ ಆ ವಾಹನ ಕಾಣದು. ಬಸ್ಸು ಮುಂದೆ ಸರಿಯುವವರೆಗೆ ಕಾಯುವ ಅರ್ಧ ನಿಮಿಷ ಬಹು ಬೆಲೆಯುಳ್ಳದ್ದು.

ಜುಬಿಲಿ ಸರ್ಕಲ್ಲಿನಲ್ಲಿ ನಿಂತು ನೋಡಿದರೆ ಅವಳಿನಗರದ ಅವಸರವೆಲ್ಲ ಕಣ್ಣಿಗೆ ಕಟ್ಟುತ್ತದೆ. ಹುಬ್ಬಳ್ಳಿ ಮತ್ತು ಧಾರವಾಡಗಳು ಒಂದೇ ಮಹಾನಗರ ಪಾಲಿಕೆಯ ಆಡಳಿತಕ್ಕೆ ಸೇರಿದುದು 1962ರಲ್ಲಿ. ಎರಡನ್ನೂ ಬೆಸೆಯುವ ‘ಚಿಗರಿ’ ಬಸ್ಸುಗಳು 2018ರಲ್ಲಿ ಪ್ರಾಯೋಗಿಕವಾಗಿ ಓಡಿ, 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡವು. ಅವುಗಳಿಗಾಗಿ 22 ಕಿಲೋಮೀಟರಿನಷ್ಟು ಉದ್ದಕ್ಕೆ ಪ್ರತ್ಯೇಕ ಪಥ, ರಸ್ತೆಯ ನಟ್ಟನಡುವೆ ನಿಲ್ದಾಣ. ವೇಗದ ದೃಷ್ಟಿಯಿಂದ ಇದು ಸೊಗಸಾದ ಏರ್ಪಾಡು. ಆದರೆ ನಿಲ್ದಾಣ ನಡುವೆ ಇದ್ದ ಮೇಲೆ ಬಸ್ಸು ಹತ್ತುವವನೂ ಇಳಿಯುವವನೂ ರಸ್ತೆಯ ಒಂದು ಪಾಲನ್ನಾದರೂ ದಾಟಲೇಬೇಕು. ರಸ್ತೆ ಅಗಲವಾದಷ್ಟೂ ಚಾಲಕನಿಗೆ ಧೈರ್ಯ, ದಾಟುವವನಿಗೆ ಭಯ. ಸಿಗ್ನಲ್ಲಿನ ಕೆಂಪು ದೀಪ ಅಲ್ಲಿ ಅಲಂಕಾರಕ್ಕಲ್ಲ; ಹಳ್ಳಿಯಿಂದ ಬಂದ ತಾಯಿಗೆ ಅದೊಂದೇ ಆಸರೆ.

ಬಿಳಿಯ ಪಟ್ಟಿಗಳ ಕಥೆಯೂ ತಿಳಿಯತಕ್ಕದ್ದೇ. ಇಂಗ್ಲೆಂಡಿನ ಸಾರಿಗೆ ಮಂತ್ರಿ ಹೋರ್ ಬೆಲಿಷಾ 1934ರಲ್ಲಿ ದಾಟುವ ಜಾಗಗಳಲ್ಲಿ ಕಿತ್ತಳೆ ಬಣ್ಣದ ಗೋಲವುಳ್ಳ ಕಂಬಗಳನ್ನು ನಿಲ್ಲಿಸಿದರು. ಅಷ್ಟು ಸಾಲದೆ 1951ರಲ್ಲಿ ನೆಲಕ್ಕೆ ಕಪ್ಪು ಬಿಳುಪು ಪಟ್ಟಿಗಳನ್ನು ಬಳಿದು, ಅದರ ಮೇಲೆ ಕಾಲಿಟ್ಟವನಿಗೆ ವಾಹನ ನಿಲ್ಲಬೇಕೆಂದು ಕಾನೂನು ಮಾಡಿದರು. ಝೀಬ್ರಾ ಎಂಬ ಪ್ರಾಣಿಯ ಹೆಸರು ಅದಕ್ಕೆ ಅಂಟಿತು. ನಮ್ಮಲ್ಲಿಯೂ ನಿಯಮ ಭಿನ್ನವಲ್ಲ. ಸಿಗ್ನಲ್ ಇಲ್ಲದ ಪಟ್ಟಿಯ ಬಳಿ ಚಾಲಕನು ವೇಗ ತಗ್ಗಿಸಿ, ನಿಂತು, ಪಾದಚಾರಿಗೆ ದಾರಿ ಬಿಡಬೇಕೆಂದು 2017ರ ವಾಹನ ಚಾಲನಾ ನಿಯಮಾವಳಿ ವಿಧಿಸಿದೆ. ಕೆಂಪು ದೀಪ ದಾಟುವುದು ಅಪಾಯಕಾರಿ ಚಾಲನೆಯೆಂದು 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯಿದೆ ಹೇಳುತ್ತದೆ. ಮೊದಲ ತಪ್ಪಿಗೇ 1,000ದಿಂದ 5,000 ರೂಪಾಯಿ ದಂಡ, ಸೆರೆವಾಸವೂ ಉಂಟು. ಸುಗಮವಾದ ಕಾಲುದಾರಿ ಪಾದಚಾರಿಯ ಬದುಕುವ ಹಕ್ಕಿನ ಭಾಗವೆಂದು 2025ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಸಾರಿತು.

ನಿಯಮಗಳು ಇಷ್ಟಿದ್ದೂ ಫಲವೇನು? 2022ರಲ್ಲಿ ಭಾರತದ ರಸ್ತೆಗಳಲ್ಲಿ ಮಡಿದವರು 1,68,491 ಮಂದಿ. ಅವರಲ್ಲಿ 32 ಸಾವಿರಕ್ಕೂ ಹೆಚ್ಚು ಜನ ಕಾಲ್ನಡಿಗೆಯವರು, ಎಂದರೆ ಐದರಲ್ಲಿ ಹೆಚ್ಚುಕಡಿಮೆ ಒಬ್ಬರು. ಅವರು ಯಾವ ವೇಗವನ್ನೂ ಮೀರಿದವರಲ್ಲ. ಗುರುತು ಸಿಗದ ವಾಹನ ಬಡಿದು ಓಡಿದರೆ, 2022ರ ಯೋಜನೆಯಂತೆ ಸತ್ತವರ ಮನೆಗೆ 2 ಲಕ್ಷ ರೂಪಾಯಿ ಪರಿಹಾರವುಂಟು. ಹಳ್ಳಿಗಳಲ್ಲಿ ಇದನ್ನು ಅರಿತವರು ವಿರಳ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನನ್ನು ಪೊಲೀಸರು ಪೀಡಿಸಬಾರದೆಂದೂ ಕಾನೂನಿದೆ. ಇದನ್ನಾದರೂ ಪ್ರತಿ ಮನೆಯಲ್ಲಿ ಹೇಳಿಕೊಡಬೇಕು. ಹೆದರಿ ದೂರ ನಿಲ್ಲುವವರಿಂದಾಗಿ ನಷ್ಟವಾಗುವ ಜೀವಗಳೂ ಇವೆ.

ಉತ್ತರ ಕರ್ನಾಟಕದ ಮಣ್ಣಿಗೆ ನಡಿಗೆ ಹೊಸದಲ್ಲ. ಹುಣ್ಣಿವೆ ಬಂತೆಂದರೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ನಡೆಯುವವರುಂಟು. ಉಳವಿಯ ಚೆನ್ನಬಸವಣ್ಣನ ಜಾತ್ರೆಗೆ ಚಕ್ಕಡಿ ಹೂಡುವವರುಂಟು. ಇರುಳಿನಲ್ಲಿ ಸಾಗುವ ಅವರ ಬೆನ್ನಿಗೊಂದು ಬಿಳಿಯ ಬಟ್ಟೆ, ಚಕ್ಕಡಿಯ ಹಿಂದೊಂದು ಹೊಳೆಯುವ ಪಟ್ಟಿ ಇದ್ದರೆ ಅದೇ ದೊಡ್ಡ ಕಾವಲು. ಅಷ್ಟನ್ನು ನಡೆಯುವವನು ಮಾಡಲಿ. ಉಳಿದ ಭಾರ ಚಕ್ರ ಹಿಡಿದವನದು. ಏಕೆಂದರೆ ಕೊಲ್ಲುವ ಶಕ್ತಿ ಇರುವುದು ಅವನ ಕೈಯಲ್ಲಿ.

ಅವನಿಗೆ ಇದರಿಂದ ಆಗುವ ನಷ್ಟವನ್ನೂ ಲೆಕ್ಕ ಹಾಕಿ ನೋಡೋಣ. ಅರ್ಧ ಕಿಲೋಮೀಟರ್ ಉದ್ದದ ಊರನ್ನು 60ರ ವೇಗದಲ್ಲಿ ದಾಟಿದರೆ 30 ಸೆಕೆಂಡು. 30ರ ವೇಗದಲ್ಲಿ ದಾಟಿದರೆ 60 ಸೆಕೆಂಡು. ವ್ಯತ್ಯಾಸ ಅರ್ಧ ನಿಮಿಷ. ಧಾರವಾಡಕ್ಕೆ ಬಂದು ಪೇಢೆಯ ಅಂಗಡಿಯ ಮುಂದೆ ಸರದಿಗಾಗಿ ಇದರ ಹತ್ತು ಪಾಲು ಹೊತ್ತನ್ನು ನಾವು ಸಂತೋಷದಿಂದ ಕಳೆಯುತ್ತೇವೆ. ಉಪ್ಪಿನಬೆಟಗೇರಿಯಂಥ ಊರೊಂದು ನಮ್ಮಿಂದ ಬೇಡುವುದು ಆ ಅರ್ಧ ನಿಮಿಷವನ್ನಷ್ಟೇ.