ಬೋನಿ ಎಂ ಮತ್ತು ಅಂಟಿನುಂಡಿ

ಪುಣೆಯಲ್ಲಿ ಇದು ಯಾವ ತಿಂಗಳು ಎಂದು ತಿಳಿಯಲು ಗೋಡೆಯ ಕ್ಯಾಲೆಂಡರ್ ನೋಡಬೇಕಿಲ್ಲ, ಕಿಟಕಿ ತೆರೆದರೆ ಸಾಕು. ಜ್ಞಾನೋಬಾ, ತುಕೋಬಾರ ಪಾಲಕಿಗಳು ಊರೊಳಗೆ ಬಂದು ತಂಗುವ ಹೊತ್ತಿಗೆ ಚಹಾದಂಗಡಿ, ಬಟ್ಟೆಯಂಗಡಿ ಎಲ್ಲ ಕಡೆ ಭೀಮಸೇನ ಜೋಶಿಯವರ ಅಭಂಗ. ಗದಗ ಸೀಮೆಯ ಗಂಟಲೊಂದು ಮರಾಠಿಗರ ಆಷಾಢವನ್ನು ಹಾಡಿಕೊಡುತ್ತಿದೆ ಎಂಬ ಹೆಮ್ಮೆಗೆ ನಾನು ಅಂಥ ಅಂಗಡಿಯಲ್ಲಿ ಒಂದು ಚಹಾ ಹೆಚ್ಚಿಗೆ ಕುಡಿಯುತ್ತೇನೆ. ಭಾದ್ರಪದದಲ್ಲಿ ಗಣಪತಿ, ಆಗ ಕಿಟಕಿ ಮುಚ್ಚಿದರೂ ಕೇಳಿಸುತ್ತದೆ. ನವೆಂಬರಿನಲ್ಲಿ ಕನ್ನಡದವರೆಲ್ಲ ಒಂದೆಡೆ ಸೇರಿ, ‘ಆಕಸ್ಮಿಕ’ ಚಿತ್ರಕ್ಕೆ 1993ರಲ್ಲಿ ಡಾ. ರಾಜ್ ಹಾಡಿದ ಆ ಗೀತೆಗೆ ಚಪ್ಪಾಳೆ ತಟ್ಟುತ್ತೇವೆ. ಡಿಸೆಂಬರ್ ಒಂದಕ್ಕೆ ಮತ್ತೆ ಮರಾಠಿಯಲ್ಲಿ ಮೆಂತ್ಯೆಸೊಪ್ಪಿನ ಚೌಕಾಸಿ ಶುರು. ಹೀಗೆ ನಾನು ಆಷಾಢಕ್ಕೆ ವಾರಕರಿ, ನವೆಂಬರಿಗೆ ಕನ್ನಡಿಗ, ಡಿಸೆಂಬರಿಗೆ ಅರ್ಧ ಕ್ರೈಸ್ತ. ಈ ಕೊನೆಯದಕ್ಕೆ ಪಾದ್ರಿಗಳು ಯಾರೂ ಕಾರಣರಲ್ಲ. ಪಶ್ಚಿಮ ಜರ್ಮನಿಯ ಒಂದು ಪಾಪ್ ತಂಡ ಕಾರಣ.

ನಾವು ಆಗ ಕ್ಯಾಂಪಿನಲ್ಲಿದ್ದೆವು. ಎಂ.ಜಿ. ರಸ್ತೆಯನ್ನು ಹಳಬರು ಇವತ್ತಿಗೂ ಮೈನ್ ಸ್ಟ್ರೀಟ್ ಎನ್ನುವ ಜಾಗ ಅದು. ನಮ್ಮ ಬಾಲ್ಕನಿಯ ಎದುರಿಗೇ ಒಂದು ಕ್ಯಾಸೆಟ್ ಅಂಗಡಿ. ಡಿಸೆಂಬರ್ ಮೊದಲ ವಾರ ಅದರ ಮಾಲೀಕ ಕೌಂಟರಿನ ಕೆಳಗಿನ ಪೆಟ್ಟಿಗೆಯಿಂದ ಬೋನಿ ಎಂ ತಂಡದ ‘ಕ್ರಿಸ್ಮಸ್ ಆಲ್ಬಮ್’ ತೆಗೆದು, ಊದಿ, ಟೇಪ್ ರೆಕಾರ್ಡರಿಗೆ ಹಾಕುತ್ತಿದ್ದ. ಹೊಸ ವರ್ಷದ ಗಲಾಟೆ ಮುಗಿದ ಮೇಲೆ ಅದು ಪುನಃ ಪೆಟ್ಟಿಗೆಗೆ. ನಡುವಿನ ಹನ್ನೊಂದು ತಿಂಗಳು ಯಾರು ಕೇಳಿದರೂ ಹಾಕುತ್ತಿರಲಿಲ್ಲ. ಅದೇ ವಾರ ನಮ್ಮ ಮನೆಯ ಟ್ರಂಕಿನಿಂದ ಸ್ವೆಟರುಗಳೂ ಹೊರಬೀಳುತ್ತಿದ್ದವಾದ್ದರಿಂದ, ಆ ಹಾಡುಗಳು ಕಿವಿಗೆ ಬಿದ್ದರೆ ನನ್ನ ಮೂಗಿಗೆ ಈಗಲೂ ಡಾಂಬರ್ ಗುಳಿಗೆಯ ವಾಸನೆ ಬರುತ್ತದೆ. ಆಲ್ಬಮ್ 1981ರದು. ಆ ಪ್ರತಿಯೂ ಅದೇ ಕಾಲದ್ದಿರಬೇಕು. ಟೇಪು ಎಳೆದೂ ಎಳೆದೂ ‘ವೈಟ್ ಕ್ರಿಸ್ಮಸ್’ ಬಂದಾಗ ಗಾಯಕಿಯ ದನಿ ಚಳಿಗೆ ನಡುಗಿದ ಹಾಗೆ ಅಲುಗಾಡುತ್ತಿತ್ತು. ಮುಂದೆ ಯಾವುದೋ ಮಾಲ್‌ನಲ್ಲಿ ಇದೇ ಹಾಡು ಶುದ್ಧವಾಗಿ ಕೇಳಿಸಿದಾಗ, ಯಾರೋ ನಕಲಿ ಮಾಡಿದ್ದಾರೆ ಎಂದೇ ನನಗೆ ಅನ್ನಿಸಿತು.

ನಕಲಿಯ ವಿಷಯಕ್ಕೆ ಬಂದರೆ, ಈ ತಂಡದ ಚರಿತ್ರೆಯೇ ಬೇರೆ. ಕವರಿನ ಮೇಲೆ ನಾಲ್ವರು, ಮೂವರು ಹೆಂಗಸರು ಮತ್ತು ಗುಂಗುರು ಕೂದಲಿನ ಬಾಬಿ ಫ್ಯಾರೆಲ್. ವೇದಿಕೆಯ ಮೇಲೆ ಮೈಮೇಲೆ ಬಂದವನಂತೆ ಕುಣಿಯುತ್ತಿದ್ದವನು ಇವನು. ರೆಕಾರ್ಡಿನಲ್ಲಿ ಹಾಡುತ್ತಿದ್ದ ಗಂಡುದನಿ ಮಾತ್ರ ನಿರ್ಮಾಪಕ ಫ್ರಾಂಕ್ ಫಾರಿಯನ್‌ನದು. ಹೆಂಗಸರಲ್ಲಿಯೂ ಸ್ಟುಡಿಯೊದಲ್ಲಿ ಹಾಡಿದವರು ಲಿಜ್ ಮಿಚೆಲ್, ಮಾರ್ಸಿಯಾ ಬ್ಯಾರೆಟ್ ಇಬ್ಬರೇ. ಇದನ್ನು ದೊಡ್ಡ ಗುಟ್ಟು ರಟ್ಟಾದಂತೆ ಹೇಳುವವರನ್ನು ಕಂಡಿದ್ದೇನೆ. ಪಿ.ಬಿ. ಶ್ರೀನಿವಾಸ್ ಹಾಡಿ ರಾಜಕುಮಾರ್ ತುಟಿ ಆಡಿಸಿದ್ದನ್ನು ನೋಡಿ ಕಣ್ಣೀರು ಹಾಕಿದ ನಮ್ಮಂಥವರಿಗೆ ಇದರಲ್ಲಿ ಆಘಾತಕ್ಕೆ ಏನಿದೆ? ಆಶ್ಚರ್ಯದ ಸಂಗತಿ ಬೇರೆಯದು. ‘ರಾಸ್ಪುಟಿನ್’ ಹಾಡಿಗೆ ಜಗತ್ತಿನ ಮುಂದೆ ಕುಣಿದ ಬಾಬಿ ತೀರಿಕೊಂಡದ್ದು 2010ರ ಡಿಸೆಂಬರ್ 30ರಂದು, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ರಾಸ್ಪುಟಿನ್ ಸತ್ತದ್ದೂ ಅದೇ ಊರಿನಲ್ಲಿ, 1916ರ ಅದೇ ತಾರೀಕಿಗೆ.

ಹಿಮದ ಹಾಡುಗಳ ಹುಟ್ಟೂ ಹೀಗೆಯೇ ವಿಚಿತ್ರ. ‘ವೈಟ್ ಕ್ರಿಸ್ಮಸ್’ ಬರೆದ ಇರ್ವಿಂಗ್ ಬರ್ಲಿನ್ ಯಹೂದಿ. ಬಿಂಗ್ ಕ್ರಾಸ್ಬಿ ಅದನ್ನು ಹಾಡಿ ಮುದ್ರಿಸಿದ್ದು 1942ರ ಮೇ 29ಕ್ಕೆ. ಅಂದರೆ ಹಪ್ಪಳ ಸಂಡಿಗೆಯನ್ನು ನಾವು ಬಿಸಿಲಿಗೆ ಹಾಕಿ ಮಳೆಗಾಲಕ್ಕೆ ಎತ್ತಿಡುವ ಹಾಗೆ, ಅವರು ಬೇಸಿಗೆಯಲ್ಲಿಯೇ ಹಾಡಿ ಚಳಿಗಾಲಕ್ಕೆ ಡಬ್ಬಿ ತುಂಬಿಡುತ್ತಾರೆ. ಮರಾಯಾ ಕೇರಿ 1994ರಲ್ಲಿ ತಂದ ಕ್ರಿಸ್ಮಸ್ ಆಲ್ಬಮ್ಮಿನ ಒಂದು ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು 2019ರ ಡಿಸೆಂಬರಿನಲ್ಲಿ. ಬಡ್ತಿಗಾಗಿ ಇಷ್ಟು ವರ್ಷ ಕಾದವರನ್ನು ನಾನು ಬ್ಯಾಂಕಿನಲ್ಲಿ ಬಿಟ್ಟು ಬೇರೆಲ್ಲೂ ಕಂಡಿಲ್ಲ.

ನಮ್ಮ ಕೆಳಮನೆಯಲ್ಲಿ ಮಂಗಳೂರು ಕಡೆಯ ಟೀಚರ್ ಒಬ್ಬರಿದ್ದರು. ಬೋನಿ ಎಂ ಬಗ್ಗೆ ಅವರಿಗೆ ಅಷ್ಟು ಗೌರವವಿರಲಿಲ್ಲ. “ಅದು ಬೀದಿಗೆ ಆಗ್ತದೆ. ಮನೆಯೊಳಗೆ ಜಿಮ್ ರೀವ್ಸೇ ಆಗಬೇಕು” ಎನ್ನುವರು. ಟೆಕ್ಸಸ್‌ನಲ್ಲಿ ಹುಟ್ಟಿದ ಈ ಜಿಮ್ ರೀವ್ಸ್ 1963ರಲ್ಲಿ ಹನ್ನೆರಡು ಕ್ರಿಸ್ಮಸ್ ಹಾಡುಗಳ ರೆಕಾರ್ಡು ತಂದು, ಮರುವರ್ಷ ಜುಲೈನಲ್ಲಿ ತಾನೇ ನಡೆಸುತ್ತಿದ್ದ ಪುಟ್ಟ ವಿಮಾನ ಬಿದ್ದು ತೀರಿಕೊಂಡ. ಟೀಚರಿಗೆ ಆತ ಸತ್ತಿರಲಿಲ್ಲ. ಆತ ಮೆಲ್ಲಗೆ, ಪಕ್ಕದ ಕುರ್ಚಿಯಲ್ಲಿ ಕೂತು ಸಮಾಧಾನ ಹೇಳುವ ದನಿಯಲ್ಲಿ ಹಾಡುತ್ತಿದ್ದರೆ ಇವರು ನೆವ್ರಿಗೆ ಅಂಚು ಕತ್ತರಿಸುತ್ತ, ಕಿಡಿಯೊಗಳನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಸುತ್ತುತ್ತ ಕುಸ್ವಾರಿನ, ಅಂದರೆ ಕ್ರಿಸ್ಮಸ್ ತಿಂಡಿಗಳ, ಡಬ್ಬಿ ತುಂಬಿಸುವರು. ದೀಪಾವಳಿಗೆ ನಾವು ಕೊಟ್ಟ ಚಕ್ಕುಲಿಯ ತಟ್ಟೆ ಡಿಸೆಂಬರ್ 24ರಂದು ತುಂಬಿ ವಾಪಸ್ ಬರುತ್ತಿತ್ತು.

ಒಂದು ವರ್ಷ ಚಳಿಗಾಲಕ್ಕೆ ಅವ್ವ ಹುಬ್ಬಳ್ಳಿಯಿಂದ ಬಂದಿದ್ದಳು. ಸವಾಯಿ ಮಹೋತ್ಸವಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಆಸೆ ತೋರಿಸಿದ್ದೆ. ಕುಂದಗೋಳದ ಗುರುವಿನ ನೆನಪಿಗೆ ಭೀಮಸೇನರು 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಹಬ್ಬ ಅದು. ಕುಂದಗೋಳ ಎಂದರೆ ಅವ್ವನಿಗೆ ತವರಿನ ನೆರೆ. ಶಾಲು ಹೊದ್ದು, ಫ್ಲಾಸ್ಕ್ ಹಿಡಿದು ಹೋಗಿ, ಮೊದಲ ವಿಲಂಬಿತದಲ್ಲೇ ನಿದ್ದೆ ಹೋಗಿ, ದ್ರುತಕ್ಕೆ ಎದ್ದು ‘ಛಲೋ ಹಾಡಿದ’ ಎಂದು ತೀರ್ಪು ಕೊಟ್ಟು ಬಂದಳು. ಆಕೆಯ ನಿಜವಾದ ಸಂಗೀತ ವಿಮರ್ಶೆ ನಡೆದದ್ದು ಮಾತ್ರ ನಮ್ಮ ಬಾಲ್ಕನಿಯಲ್ಲಿ. ಎದುರಿನ ಅಂಗಡಿಯಿಂದ ‘ಮೇರೀಸ್ ಬಾಯ್ ಚೈಲ್ಡ್’ ಬರುತ್ತಿತ್ತು. ಕುಸ್ವಾರಿನ ತಟ್ಟೆ ಹಿಡಿದು ಟೀಚರ್ ಬಂದು ಕೂತಿದ್ದರು.

“ಯಾರ ಮನ್ಯಾಗೋ ಭಜನಿ ನಡದೈತಿ ನೋಡ್ರಿ ಅಕ್ಕಾರ. ತಾಳ ಛಲೋ ಐತಿ” ಎಂದಳು ಅವ್ವ.

“ಭಜನೆಯೇ ಅಮ್ಮಾ. ಮಗು ಹುಟ್ಟಿದ ಹಾಡು.”

“ಗಂಡೋ ಹೆಣ್ಣೋ?”

“ಗಂಡು.”

“ದವಾಖಾನ್ಯಾಗ?”

“ಅಲ್ಲ, ದನದ ಕೊಟ್ಟಿಗೆಯಲ್ಲಿ. ಊರಲ್ಲಿ ಎಲ್ಲಿಯೂ ಜಾಗ ಸಿಗಲಿಲ್ಲ. ಗೋದಲಿಯಲ್ಲಿ ಮಲಗಿಸಿದ್ದು.”

ಅವ್ವ ಕೈಯಲ್ಲಿದ್ದ ನೆವ್ರಿ ಕೆಳಗಿಟ್ಟಳು. “ಇಂಥಾ ಥಂಡ್ಯಾಗ? ಬಾಣಂತಿಗೆ ಎಣ್ಣಿ-ನೀರು ಯಾರು ಹಾಕಿದ್ರು?”

ಟೀಚರ್ ಎಷ್ಟೋ ಮಕ್ಕಳಿಗೆ ಈ ಕಥೆ ಪಾಠ ಮಾಡಿದ್ದವರು. ಈ ಪ್ರಶ್ನೆ ಯಾರೂ ಕೇಳಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. “ಮೂರು ಜನ ಜ್ಞಾನಿಗಳು ಬಂದಿದ್ದರು. ಚಿನ್ನ, ಧೂಪ, ರಕ್ತಬೋಳ ತಂದಿದ್ದರು” ಎಂದರು.

“ಬೋಳ ತಂದಿದ್ರೇನು? ಹಂಗಾರ ಮೂವರಾಗ ಒಬ್ಬ ತಿಳದಾವ ಇದ್ದ. ಬಂಗಾರ ತಗೊಂಡು ಬಾಣಂತಿ ಏನು ಮಾಡ್ತಾಳ? ಅಂಟಿನುಂಡಿ ಕಟ್ಟಿಕೊಡೂ ಒಬ್ಬ ಹೆಣಮಗಳು ಆ ಊರಾಗ ಇರಲಿಲ್ಲೇನು?”

ಮರುದಿನ ನನ್ನನ್ನು ಬಜಾರಿಗೆ ಅಟ್ಟಿ ಅಂಟು, ಉತ್ತತ್ತಿ, ಒಣಕೊಬ್ಬರಿ, ಗಸಗಸೆ ತರಿಸಿ, ತುಪ್ಪದಲ್ಲಿ ಅಂಟು ಅರಳಿಸಿ ಉಂಡೆ ಕಟ್ಟಿಯೇ ಬಿಟ್ಟಳು. ಟೀಚರ್ ನಗಲಿಲ್ಲ. ತಮ್ಮ ಮನೆಯ ಗೋದಲಿಯಲ್ಲಿ ಮರಿಯಮ್ಮನ ಗೊಂಬೆಯ ಮುಂದೆ ಒಂದು ಉಂಡೆ ಇಟ್ಟರು. ಸಂಜೆ ನೋಡುವಾಗ ಕುರುಬರು, ಒಂಟೆಗಳು, ಜ್ಞಾನಿಗಳ ಹಿಂದೆ ಇರುವೆಗಳ ಸಾಲೂ ಬೆತ್ಲೆಹೇಮಿಗೆ ಹೊರಟಿತ್ತು.

ಅವ್ವ ಈಗಿಲ್ಲ. ಆಕೆ ಹೇಳಿಕೊಟ್ಟ ಪಾಕವನ್ನು ಟೀಚರ್ ಬರೆದುಕೊಂಡಿದ್ದರು; ನಮ್ಮ ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಹಾಗಾಗಿ ಎಷ್ಟೋ ವರ್ಷ ಅವ್ವನ ಅಂಟಿನುಂಡಿ ನಮಗೆ ಸಿಕ್ಕಿದ್ದು ಕುಸ್ವಾರಿನ ತಟ್ಟೆಯಲ್ಲಿಯೇ, ರೋಸ್ ಕುಕ್ಕಿಯ ಪಕ್ಕ.

ಕ್ಯಾಸೆಟ್ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಬೋನಿ ಎಂ ಇನ್ನೂ ಇದೆ, ಅಂಗೈಯಗಲದ ಸ್ಪೀಕರಿನಲ್ಲಿ. ಮಗು ಹುಟ್ಟಿತು ಎನ್ನುವಷ್ಟರಲ್ಲಿ ಜಾಹೀರಾತು ನುಗ್ಗಿ ಗೃಹಸಾಲ ಬೇಕೇ ಎಂದು ಕೇಳುತ್ತದೆ. ಕೊಟ್ಟಿಗೆಯಲ್ಲಿ ಹೆತ್ತವರಿಗೆ ಕೇಳಬೇಕಾದ ಪ್ರಶ್ನೆಯೇ. ಕವರ್ ಮಾರುವ ಹುಡುಗನನ್ನು ಕೇಳಿದರೆ ಜೂನ್‌ನಲ್ಲಿಯೂ ಹಾಕುತ್ತಾನೆ. ನಾನು ಕೇಳಿಲ್ಲ.

ಟೀಚರ್ ಮಗಳ ಜೊತೆ ಟೊರೊಂಟೊದಲ್ಲಿದ್ದಾರೆ. ಕಳೆದ ಡಿಸೆಂಬರಿನಲ್ಲಿ ವಿಡಿಯೊ ಕರೆ ಮಾಡಿ, ಕಿಟಕಿಯಾಚೆ ಬಿದ್ದ ಮೊಣಕಾಲುದ್ದದ ಹಿಮ ತೋರಿಸಿ, “ಇಲ್ಲಿ ಹಿಮ ಉಂಟು, ಹಾಡು ಇಲ್ಲ. ಮೈನ್ ಸ್ಟ್ರೀಟಿನದ್ದು ಸ್ವಲ್ಪ ರೆಕಾರ್ಡ್ ಮಾಡಿ ಕಳಿಸಿ ಮಾರಾಯ್ರೆ” ಎಂದರು. ಸಂಜೆ ಹೋಗಿ, ಜನರ ನಡುವೆ ಫೋನು ಎತ್ತಿ ಹಿಡಿದು ನಿಂತು ಮುದ್ರಿಸಿಕೊಂಡೆ. ರಿಕ್ಷಾದ ಹಾರ್ನು, ಪೀಪಿ, ಸಾಂತಾ ಟೊಪ್ಪಿ ಮಾರುವವನ ಕೂಗು. ಲಿಜ್ ಮಿಚೆಲ್ ನಡುನಡುವೆ ಇಣುಕಿದಳು. ಕಳಿಸಿದೆ. ಅರ್ಧ ಗಂಟೆಗೆ ಉತ್ತರ ಬಂತು:

“ಹಾಡು ಏನೂ ಕೇಳುವುದಿಲ್ಲ. ಆದರೆ ಆ ಟೊಪ್ಪಿಯವನು ನೂರು ರೂಪಾಯಿ ಹೇಳ್ತಾನಲ್ಲ, ಅವನಿಗೆ ಎಂತ ಮರ್ಲಾ? ಮೂವತ್ತಕ್ಕೆ ಕೇಳಿ. ಕೊಡದಿದ್ದರೆ ಹೋಗುವ ಹಾಗೆ ಮಾಡಿ, ಕರೀತಾನೆ.”