ಮಾತ್ರೆ ಬಚ್ಚಿಡಬೇಕಾದ ಊರು



ನಮ್ಮಕ್ಕನ ಮಗ ಪೀಣ್ಯದ ಒಂದು ಕಾರ್ಖಾನೇಲಿ ಕಂಟ್ರಾಕ್ಟ್ ಕೆಲಸಗಾರ. ಮೂರ್ಛೆರೋಗ ಇದೆ. ನಿಮ್ಹಾನ್ಸ್ ಡಾಕ್ಟರು ಬರೆದ ಮಾತ್ರೆಯಿಂದ ಎರಡು ವರ್ಷ ಫಿಟ್ಸ್ ಬಂದಿರಲಿಲ್ಲ. ಸೂಪರ್‌ವೈಸರ್‌ಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಂತ ಮಾತ್ರೆ ರೂಮಲ್ಲೇ ಬಿಟ್ಟು ಹೋಗ್ತಿದ್ದ. ನೈಟ್ ಶಿಫ್ಟು, ನಿದ್ದೆಯೂ ಇಲ್ಲ. ಮಷೀನ್ ಪಕ್ಕದಲ್ಲೇ ಬಿದ್ದ.

ಬಿದ್ದವನ ಮೂಗಿಗೆ ಚಪ್ಪಲಿ ಹಿಡಿದರಂತೆ. ಚರ್ಮ ಹದ ಮಾಡಿದ ನಮ್ಮ ಕೈ ಮೈಲಿಗೆ, ಆ ಚರ್ಮದ ಚಪ್ಪಲಿ ಮಾತ್ರ ಔಷಧಿ! ಎರಡೂ ಸುಳ್ಳು. ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ತುರುಕಬೇಡಿ, 5 ನಿಮಿಷ ದಾಟಿದ್ರೆ 108ಕ್ಕೆ ಫೋನ್ ಮಾಡಿ.

ಮಾತ್ರೆ ದಿನಾ ಹೊತ್ತಿಗೆ ಸರಿಯಾಗಿ ತಗೊಳ್ಳಿ. ಫಿಟ್ಸ್ ನಿಂತಿದೆ ಅಂತ ನೀವೇ ತಟ್ಟನೆ ಬಿಟ್ಟರೆ ಒಂದರ ಮೇಲೊಂದು ಬಂದು ಜೀವಕ್ಕೇ ಅಪಾಯ. ವ್ಯಾಲ್‌ಪ್ರೋಯೇಟ್ ತಗೊಳ್ಳೋ ಹೆಣ್ಣುಮಕ್ಕಳು ಬಸಿರಾಗೋ ಮೊದಲೇ ಡಾಕ್ಟರ್ ಹತ್ರ ಮಾತಾಡಿ, ಮಗುವಿಗೆ ತೊಂದರೆ ಆಗಬಹುದು.

ಮೂರ್ಛೆರೋಗ ಮದುವೆಗೆ ಅಡ್ಡಿ ಅನ್ನೋದನ್ನ ಹಿಂದೂ ವಿವಾಹ ಕಾಯ್ದೆಯಿಂದ 1999ರಲ್ಲೇ ತೆಗೆದರು. ಕಾರ್ಖಾನೆ ಗೇಟಲ್ಲಿ ಅದು ಇನ್ನೂ ಅಡ್ಡಿಯೇ. ಯೂನಿಯನ್ ಸಂಗಾತಿಗಳೇ, ಬೋನಸ್ ಜೊತೆ ಇದನ್ನೂ ಕೇಳೋಣ: ಇಂಥವರಿಗೆ ಹಗಲು ಶಿಫ್ಟು, ಓಡೋ ಮಷೀನಿಂದ ದೂರದ ಕೆಲಸ, ಎಲ್ಲರೆದುರೇ ಮಾತ್ರೆ ನುಂಗೋ ಹಕ್ಕು.