ಮರದ ಮೇಲಿನ ಊರು ಈಗ ಬರೀ ಕರಕಲು

ಕಲಿಮ್ಡೋರ್ ಖಂಡದ ವಾಯವ್ಯ ಕಡಲಿನಲ್ಲಿ ಒಂದು ಮರವಿತ್ತು. ಮರವೆಂದರೆ ನಾಲ್ಕಾಳು ತಬ್ಬುವಂಥ ಮರವಲ್ಲ. ಅದರ ನೆತ್ತಿಯ ಮೇಲೆ ಕಾಡು, ಕೆರೆ, ಹಳ್ಳಿ, ಜೊತೆಗೆ ಒಂದು ರಾಜಧಾನಿಯೇ ಇತ್ತು. ಹೆಸರು ಟೆಲ್ಡ್ರಾಸಿಲ್. ಈಗ ಅಲ್ಲಿ ಉಳಿದಿರುವುದು ನೀರಿನಿಂದ ಎದ್ದು ನಿಂತ ಕರಕಲು ಮೋಟು.

ಈ ಊರನ್ನು ಭೂಪಟದಲ್ಲಿ ಹುಡುಕಬೇಡಿ. ಕ್ಯಾಲಿಫೋರ್ನಿಯಾದ ಬ್ಲಿಝಾರ್ಡ್ ಕಂಪನಿ 2004ರ ನವೆಂಬರ್‌ನಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಎಂಬ ಕಂಪ್ಯೂಟರ್ ಆಟದೊಳಗಿನ ಊರು ಇದು. ಅಂತರಜಾಲದ ಮೂಲಕ ದೇಶದೇಶಗಳ ಜನ ಇಲ್ಲಿ ಒಟ್ಟಿಗೆ ಓಡಾಡುತ್ತಾರೆ. 2010ರಲ್ಲಿ ಇದರ ಚಂದಾದಾರರ ಸಂಖ್ಯೆ 1 ಕೋಟಿ 20 ಲಕ್ಷ ಮುಟ್ಟಿತ್ತು!

ನೈಟ್ ಎಲ್ಫ್ ಕುಲವನ್ನು ಆಯ್ದುಕೊಂಡವರು ಕಣ್ಣು ಬಿಡುತ್ತಿದ್ದುದು ಈ ಮರದ ಮೇಲೆಯೇ. ಸದಾ ಮುಸ್ಸಂಜೆಯಂಥ ನೇರಳೆ ಮಬ್ಬು. ಡೋಲಾನಾರ್ ಎಂಬ ಪುಟ್ಟ ಹಳ್ಳಿ ದಾಟಿ ನಡೆದರೆ ರಾಜಧಾನಿ ಡಾರ್ನಾಸಸ್. ನೀರಿನ ನಡುವೆ ಬಿಳಿ ಕಲ್ಲಿನ ಸೇತುವೆಗಳು, ಕರಡಿಯಾಕಾರದ ಮರದೊಳಗೆ ಬ್ಯಾಂಕು, ಚಂದ್ರ ದೇವತೆಯ ಗುಡಿಯಲ್ಲಿ ಬಟ್ಟಲಿನಿಂದ ನೀರು ಸುರಿಸುತ್ತ ನಿಂತ ಹೆಣ್ಣಿನ ಶಿಲ್ಪ. ಮೊದಲ ಬಾರಿ ದಾರಿ ತಪ್ಪಿದ್ದು, ಮೊದಲ ಗೆಳೆಯ ಸಿಕ್ಕಿದ್ದು ಎಲ್ಲವೂ ಅನೇಕರಿಗೆ ಇಲ್ಲಿಯೇ. ಅವರಿಗೆ ಇದು ತವರು.

2018ರ ಬೇಸಗೆಯಲ್ಲಿ ಕಥೆ ಬರೆಯುವವರು ಈ ತವರಿಗೆ ಬೆಂಕಿ ಇಟ್ಟರು. ಎದುರು ಪಕ್ಷವಾದ ಹೋರ್ಡ್‌ನ ನಾಯಕಿ ಸಿಲ್ವಾನಸ್‌ಳ ಅಪ್ಪಣೆಯಂತೆ ಮರ ಹೊತ್ತಿ ಉರಿಯಿತು. ಡಾರ್ನಾಸಸ್‌ನಲ್ಲಿ ಸಿಲುಕಿದ ಒಂಬೈನೂರಕ್ಕೂ ಹೆಚ್ಚು ಮಂದಿಯನ್ನು ಕೆಲವೇ ನಿಮಿಷಗಳಲ್ಲಿ ಹೊರತರುವ ಕೆಲಸ ಆಟಗಾರನಿಗೆ. ಹೊಗೆಯಲ್ಲಿ ಎಷ್ಟು ಓಡಿದರೂ ಬೆರಳೆಣಿಕೆಯಷ್ಟು ಜನರನ್ನು ಉಳಿಸಿದರೆ ಹೆಚ್ಚು. ಆ ಲೆಕ್ಕ ತುಂಬುವಂಥದ್ದಾಗಿರಲೇ ಇಲ್ಲ.

ಜನ ಅತ್ತರು, ನಿಜ. ಆದರೆ ಅಳುವಿಗಿಂತ ಬೇಸರವೇ ದೊಡ್ಡದಾಯಿತು. ಏಕೆಂದರೆ ಈ ಕಥೆಯನ್ನು ಅವರು ಆಗಲೇ ಒಮ್ಮೆ ನೋಡಿಯಾಗಿತ್ತು! 2012ರಲ್ಲಿ ಹೋರ್ಡ್‌ನ ನಾಯಕನಾಗಿದ್ದವನು ಗ್ಯಾರೋಷ್. ಆತ ಥೆರಾಮೋರ್ ಎಂಬ ಬಂದರು ನಗರವನ್ನು ಒಂದೇ ಬಾಂಬಿನಿಂದ ಅಳಿಸಿದ. ಅವನ ಕಡೆಯವರೇ ಅವನ ವಿರುದ್ಧ ದಂಗೆಯೆದ್ದರು. 2013ರಲ್ಲಿ ಆಟಗಾರರು ಆರ್ಗ್ರಿಮಾರ್ ರಾಜಧಾನಿಗೆ ನುಗ್ಗಿ ಅವನನ್ನು ಕೆಳಗಿಳಿಸಿದರು. ಐದು ವರ್ಷ ಕಳೆಯಿತು. ಮತ್ತೆ ಒಂದು ಊರು ನಾಶ, ಮತ್ತೆ ಕ್ರೂರಿಯಾದ ನಾಯಕಿ, ಮತ್ತೆ ದಂಗೆ. 2019ರಲ್ಲಿ ಅದೇ ಆರ್ಗ್ರಿಮಾರ್‌ನ ಹೆಬ್ಬಾಗಿಲಲ್ಲಿ ಮುದಿ ಯೋಧ ಸೌರ್‌ಫಾಂಗ್ ಸಿಲ್ವಾನಸ್‌ಳೊಡನೆ ಕಾದಾಡಿ ಮಡಿದ, ಅವಳು ಹಾರಿಹೋದಳು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಹೋರ್ಡ್ ಪಕ್ಷದವರ ಸಂಕಟ ಬೇರೆಯೇ. ಸಿನಿಮಾ ಕೆಟ್ಟದಾದರೆ ಎದ್ದು ಬರಬಹುದು. ಇಲ್ಲಿ ಕೆಟ್ಟ ಕೆಲಸವನ್ನು ತಮ್ಮ ಕೈಯಿಂದಲೇ ಮಾಡಬೇಕು. ಮಾನವಂತರ ಪಕ್ಷವೆಂದು ವರ್ಷಗಟ್ಟಲೆ ನಂಬಿದವರು ಎರಡನೆಯ ಬಾರಿಯೂ ಊರು ಸುಡುವ ದಂಡಿನಲ್ಲಿ ನಡೆಯಬೇಕಾಯಿತು. ಮುಂದೆ 2022ರಲ್ಲಿ ಸಿಲ್ವಾನಸ್‌ಳಿಗೆ ಕಥೆ ಕೊಟ್ಟ ಶಿಕ್ಷೆ, ನರಕದಂಥ ಲೋಕದಲ್ಲಿ ಸಿಕ್ಕಿಬಿದ್ದ ಆತ್ಮಗಳನ್ನು ಹುಡುಕಿ ಬಿಡಿಸುವುದು. ಊರು ಕಳೆದುಕೊಂಡ ಅನೇಕರಿಗೆ ಅದು ಸಾಲಲಿಲ್ಲ.

ನಿರಾಶ್ರಿತರಿಗೆ 2023ರ ಕೊನೆಯಲ್ಲಿ ಹೊಸ ಮರವೊಂದು ಚಿಗುರಿತು: ಅಮಿರ್‌ಡ್ರಾಸಿಲ್. ಅದರ ಆಸರೆಯಲ್ಲಿ ಬೆಲಾಮೆತ್ ಎಂಬ ಹೊಸ ಊರೂ ಎದ್ದಿದೆ. ಚೆಲುವಾಗಿದೆ. ಆದರೆ ಅಲ್ಲಿ ಯಾರೂ ಎಳವೆಯಲ್ಲಿ ದಾರಿ ತಪ್ಪಿಲ್ಲ.

ಹೋಗುವುದು ಹೇಗೆ?

ಹಳೆಯ ಟೆಲ್ಡ್ರಾಸಿಲ್ ನೋಡಲು ಎರಡು ದಾರಿಗಳಿವೆ. ಒಂದು, 2019ರಲ್ಲಿ ತೆರೆದ 'ಕ್ಲಾಸಿಕ್' ಆಟ. ಅಲ್ಲಿ ಮರ ಇನ್ನೂ ಹಸಿರು. ಇನ್ನೊಂದು, ಇಂದಿನ ಆಟದಲ್ಲೇ ಡಾರ್ಕ್‌ಶೋರ್ ಕರಾವಳಿಗೆ ಹೋಗಿ ಜಿಡೋರ್ಮಿ ಎಂಬಾಕೆಯನ್ನು ಮಾತನಾಡಿಸುವುದು. ಕೇಳಿದರೆ ಆಕೆ ಕಾಲವನ್ನು ಹಿಂದಕ್ಕೆ ತಿರುಗಿಸುತ್ತಾಳೆ. ಮೋಟು ಮಾಯವಾಗಿ ಕಡಲಾಚೆ ಮರ ಎದ್ದು ನಿಲ್ಲುತ್ತದೆ. ಗುಡಿಯ ಶಿಲ್ಪ ನೀರು ಸುರಿಸುತ್ತಲೇ ಇರುತ್ತದೆ. ಆದರೆ ಸೇತುವೆಗಳ ಮೇಲೆ ಎದುರಾಗುವ ಜನ ಮಾತ್ರ ಕಡಿಮೆ.